ಅಷ್ಟು ನೋವಾದ ಮೇಲೂ ಮತ್ತೆ ಆ ಪರೀಕ್ಷೆಗೆ ಹೋಗಲೇಬೇಕೇ?

ಓದುಗರ ಪ್ರಶ್ನೆ, ಸ್ತ್ರೀರೋಗ ತಜ್ಞೆಯ ಉತ್ತರ

ಪ್ರಶ್ನೆ: ಡಾಕ್ಟರರಿಗೆ ನಮಸ್ಕಾರ. ನನಗೆ 62 ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾಗಿ, ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿ ಒಬ್ಬಳೇ ಇದ್ದೇನೆ. ಯಜಮಾನರು ತೀರಿಕೊಂಡು ಒಂಬತ್ತು ವರ್ಷವಾಯಿತು. ಇಬ್ಬರು ಮಕ್ಕಳು, ಎರಡೂ ಸಹಜ ಹೆರಿಗೆ. ಮುಟ್ಟು ನಿಂತದ್ದು 49ಕ್ಕೆ. ಈಚೆಗೆ ನಮ್ಮೂರಿನ ಶಿಬಿರವೊಂದರಲ್ಲಿ ಗರ್ಭಕಂಠದ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ಪತ್ತೆಗೆಂದು ಮಾಡುವ ಪ್ಯಾಪ್ ಸ್ಮಿಯರ್ ಪರೀಕ್ಷೆಯನ್ನು ಮೊದಲ ಬಾರಿಗೆ ಮಾಡಿಸಿಕೊಂಡೆ. ಉಪಕರಣ ಒಳಗೆ ಹೋದ ಕೂಡಲೇ ಸೀಳಿದಂತಾಗಿ ಕೂಗಿಬಿಟ್ಟೆ. ಪಕ್ಕದಲ್ಲಿದ್ದ ಆಯಾ, “ಎರಡು ಹೆತ್ತವರು, ಇಷ್ಟಕ್ಕೇ ಹೀಗೆ ಕೂಗುತ್ತೀರಲ್ಲ ಅಮ್ಮ” ಎಂದರು. ಹೊರಗೆ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದವರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯರೂ ಇದ್ದರು. ಎರಡು ದಿನ ಬಟ್ಟೆಗೆ ರಕ್ತದ ಕಲೆ ಆಯಿತು. ಇಷ್ಟೆಲ್ಲ ಆದ ಮೇಲೆ ಬಂದ ವರದಿಯಲ್ಲಿ “ಮಾದರಿ ಸಾಲದು, ಮತ್ತೊಮ್ಮೆ ಮಾಡಿಸಿ” ಎಂದಿದೆ. ಮೆಲ್ಬರ್ನ್‌ನಲ್ಲಿರುವ ಮಗಳು, ಅಲ್ಲಿ ತಾನೇ ಕಡ್ಡಿಯಿಂದ ಮಾದರಿ ತೆಗೆದುಕೊಟ್ಟೆ, ನೋವೇ ಆಗಲಿಲ್ಲ ಎನ್ನುತ್ತಾಳೆ. ಅದು ನಿಜವೇ? ಗಂಡ ಹೋಗಿ ಇಷ್ಟು ವರ್ಷವಾದ ಮೇಲೆ ನನ್ನಂಥವಳಿಗೆ ಇದರ ಅಗತ್ಯವಾದರೂ ಏನು? ಆ ಕ್ಯಾನ್ಸರ್ ಯಾವುದೋ ವೈರಸ್‌ನಿಂದ ಬರುವ ಕಾಯಿಲೆ ಎಂದು ಓದಿ ಇನ್ನಷ್ಟು ಸಂಕೋಚವಾಗಿದೆ. ಹೆಸರು ಹಾಕಬೇಡಿ.

ಉತ್ತರ: ಮೊದಲು ಆ “ಎರಡು ಹೆತ್ತವರು” ಎಂಬ ಮಾತಿನ ಲೆಕ್ಕ ಚುಕ್ತಾ ಮಾಡೋಣ. ಹೆರುವಾಗ ನಿಮಗೆ ಇಪ್ಪತ್ತೈದೋ ಮೂವತ್ತೋ ಇದ್ದಿರಬೇಕು. ಆಗ ಮೈಯಲ್ಲಿ ಈಸ್ಟ್ರೋಜೆನ್ ತುಂಬಿತ್ತು. ಯೋನಿಯ ಗೋಡೆ ದಪ್ಪಗೆ, ಮಡಿಕೆ ಮಡಿಕೆಯಾಗಿ, ಹಿಗ್ಗುವಂತೆ ಇತ್ತು. ಈಗ ಮುಟ್ಟು ನಿಂತು 13 ವರ್ಷ. ಆ ಹಾರ್ಮೋನು ಇಳಿದಂತೆ ಗೋಡೆ ತೆಳುವಾಗುತ್ತದೆ, ಮಡಿಕೆಗಳು ಅಳಿಯುತ್ತವೆ, ಪಸೆ ಆರುತ್ತದೆ, ದ್ವಾರ ಕಿರಿದಾಗುತ್ತದೆ. ಮುಟ್ಟಿದರೆ ಉರಿಯುವ, ಸ್ವಲ್ಪ ಉಜ್ಜಿದರೆ ರಕ್ತ ಜಿನುಗುವ ಸ್ಥಿತಿ ಅದು. ಅಂಥ ಜಾಗಕ್ಕೆ ಮೂವತ್ತರ ಹೆಂಗಸಿಗೆ ಬಳಸುವ ಅಳತೆಯ ಉಪಕರಣವನ್ನೇ ಹಾಕಿ ಅಗಲಿಸಿದರೆ ಕೂಗದೆ ಇನ್ನೇನು ಮಾಡುತ್ತಾರೆ? ಎಷ್ಟು ಹೆತ್ತಿದ್ದೀರಿ ಎಂಬುದಕ್ಕೂ ಈಗಿನ ನೋವಿಗೂ ಸಂಬಂಧವಿಲ್ಲ. ಆ ಆಯಾ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಬೆಳಗಿನಿಂದ ಸಾಲು ಹಚ್ಚಿ ಮಲಗಿಸುವ ಶಿಬಿರದಲ್ಲಿ ಅವರ ಬಾಯಿಗೆ ಅಭ್ಯಾಸವಾಗಿರುವ ಮಾತು ಅದು. ಆದರೆ ಆ ಒಂದು ಮಾತಿಗೆ ಹೆದರಿ ಎರಡನೆಯ ಸಲ ಬಾರದೇ ಹೋದ ಹೆಂಗಸರನ್ನು ನಾನು ಬಹಳ ನೋಡಿದ್ದೇನೆ, ಹಾಗಾಗಿ ನನಗೆ ಅದರ ಮೇಲೆ ಸಿಟ್ಟಿದೆ.

ನೀವು ಬರೆಯದೇ ಬಿಟ್ಟಿರುವ ಒಂದು ಸಂಗತಿಯನ್ನು ನಾನೇ ಕೇಳುತ್ತೇನೆ. ಮೂತ್ರಕ್ಕೆ ಹೋದಾಗ ಉರಿ ಇದೆಯೇ? ರಾತ್ರಿ ಪದೇ ಪದೇ ಏಳುತ್ತೀರಾ? ಆಗಾಗ ಮೂತ್ರದ ಸೋಂಕೆಂದು ಮಾತ್ರೆ ನುಂಗಿದ್ದೀರಾ? ಅಲ್ಲಿ ತುರಿಕೆ, ಒಣಗಿದ ಭಾವ? ಇವೆಲ್ಲ ಒಂದೇ ಕಾರಣದಿಂದ ಬರುತ್ತವೆ, ಮತ್ತು ಇವಕ್ಕೆ ಚಿಕಿತ್ಸೆ ಇದೆ. ಹೆಚ್ಚಿನವರು “ವಯಸ್ಸಾಯಿತಲ್ಲ, ಇದ್ದದ್ದೇ” ಎಂದುಕೊಂಡು ವರ್ಷಗಟ್ಟಲೆ ಸಹಿಸಿಕೊಂಡಿರುತ್ತಾರೆ. ನಿಮ್ಮ ಪರೀಕ್ಷೆಯಲ್ಲಿ ಆದ ನೋವೂ ಈ ಒಣಗುವಿಕೆಯ ಲಕ್ಷಣವೇ. ನಾನಾಗಿದ್ದರೆ ನಿಮ್ಮ ಕೂಗನ್ನು ಕೇಸ್ ಪೇಪರಿನಲ್ಲಿ ಬರೆದುಕೊಳ್ಳುತ್ತಿದ್ದೆ.

ವರದಿಯಲ್ಲಿ “ಮಾದರಿ ಸಾಲದು” ಎಂದು ಬಂದದ್ದಕ್ಕೂ ಬಹುಮಟ್ಟಿಗೆ ಇದೇ ಕಾರಣ. ಪ್ಯಾಪ್ ಪರೀಕ್ಷೆಯಲ್ಲಿ ಗರ್ಭಕಂಠದ ಮೇಲ್ಪದರದಿಂದ ಜೀವಕೋಶಗಳನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಒಣಗಿದ ಪದರದಿಂದ ಸಾಕಷ್ಟು ಕೋಶಗಳು ಬರುವುದಿಲ್ಲ. ಅದಲ್ಲದೆ ಕ್ಯಾನ್ಸರ್ ಶುರುವಾಗುವ ವಲಯ ವಯಸ್ಸಾದಂತೆ ಒಳಗಿನ ಕಾಲುವೆಗೆ ಸರಿದುಬಿಡುತ್ತದೆ, ಕಡ್ಡಿಗೆ ಸುಲಭವಾಗಿ ಸಿಗುವುದಿಲ್ಲ. ಕೆಲವೊಮ್ಮೆ ಕೋಶಗಳು ಸಿಕ್ಕರೂ ಒಣಗಿದ ಕೋಶಗಳು ಅಸಹಜವಾಗಿ ಕಂಡು ಸುಮ್ಮನೆ ಗಾಬರಿ ಹುಟ್ಟಿಸುವುದುಂಟು. ವರದಿ ನೋಡಿ ನಿದ್ದೆಗೆಡಬೇಡಿ. ನಿಮಗೆ ಏನೋ ಇದೆ ಎಂದು ಅದು ಹೇಳುತ್ತಿಲ್ಲ, ಇಲ್ಲ ಎಂದೂ ಹೇಳುತ್ತಿಲ್ಲ.

ಇನ್ನು ಅಗತ್ಯದ ಮಾತು. ನೀವು ಗಣಿತದವರು, ಕಾಲದ ಲೆಕ್ಕವನ್ನೇ ಹಾಕೋಣ. ಗರ್ಭಕಂಠದ ಕ್ಯಾನ್ಸರಿಗೆ ಮೂಲ ಎಚ್‌ಪಿವಿ ಎಂಬ ವೈರಸ್. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಸೋಂಕು ತಗಲಿದವರಲ್ಲಿ ಹೆಚ್ಚಿನವರ ದೇಹ ಒಂದೆರಡು ವರ್ಷದಲ್ಲಿ ತಾನೇ ಅದನ್ನು ಹೊರಗಟ್ಟುತ್ತದೆ. ಕೆಲವರಲ್ಲಿ ಮಾತ್ರ ಅದು ಉಳಿದುಕೊಂಡು, ಕೋಶಗಳನ್ನು ನಿಧಾನವಾಗಿ ಕೆಡಿಸುತ್ತ ಹೋಗಿ, ಸಾಮಾನ್ಯವಾಗಿ 15ರಿಂದ 20 ವರ್ಷಗಳಲ್ಲಿ ಕ್ಯಾನ್ಸರಿನ ಹಂತ ಮುಟ್ಟುತ್ತದೆ. ಒಂಬತ್ತು ವರ್ಷದಿಂದ ಒಬ್ಬರೇ ಇದ್ದೀರಿ ಎಂದರೆ ಅಪಾಯ ಮುಗಿಯಿತು ಎಂದಾಗುವುದಿಲ್ಲ. ಮದುವೆಯಾದ ಹೊಸತರಲ್ಲಿ ಬಂದ ಸೋಂಕೂ ಲೆಕ್ಕಕ್ಕೆ ಬರುತ್ತದೆ. ಸಂಕೋಚ ಎಂದಿದ್ದೀರಿ. ದಾಂಪತ್ಯ ಮಾಡಿದವರಲ್ಲಿ ಬಹುತೇಕ ಎಲ್ಲರಿಗೂ ಜೀವನದಲ್ಲಿ ಒಮ್ಮೆಯಾದರೂ ತಗಲುವ ವೈರಸ್ ಇದು. ಅದರಿಂದ ನಿಮ್ಮ ನಡತೆಯನ್ನೋ ತೀರಿಹೋದ ಯಜಮಾನರ ನಡತೆಯನ್ನೋ ಅಳೆಯಲು ಹೋಗಬೇಡಿ.

ನಮ್ಮ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಗುತ್ತದೆ, 75 ಸಾವಿರಕ್ಕೂ ಹೆಚ್ಚು ಮಂದಿ ಸಾಯುತ್ತಾರೆ. ತಡವಾಗಿ ಬರುವವರಲ್ಲಿ ನಿಮ್ಮ ವಯಸ್ಸಿನವರು, ಒಮ್ಮೆಯೂ ಪರೀಕ್ಷೆ ಮಾಡಿಸಿಕೊಳ್ಳದವರು ಬಹಳ. ಸರ್ಕಾರದ ತಪಾಸಣಾ ಕಾರ್ಯಕ್ರಮ 30ರಿಂದ 65 ವರ್ಷದವರಿಗಾಗಿ ಇದೆ. 50 ದಾಟಿದ ಮೇಲೆ, ಕ್ರಮವಾಗಿ ಮಾಡಿಸಿದ ಎರಡು ಪರೀಕ್ಷೆಗಳು ಒಂದರ ಹಿಂದೆ ಒಂದು ಸರಿ ಬಂದರೆ ನಿಲ್ಲಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಖಾತೆಯಲ್ಲಿ ಅಂಥದ್ದು ಒಂದೂ ಇಲ್ಲ. ಹಾಗಾಗಿ ನನ್ನ ಉತ್ತರ: ಮಾಡಿಸಿಕೊಳ್ಳಿ. ಆದರೆ ಹೋದ ಸಲದ ಹಾಗಲ್ಲ, ಈ ವಾರವೂ ಅಲ್ಲ.

ಮೊದಲು ಆ ಜಾಗವನ್ನು ಸರಿಮಾಡಿಕೊಳ್ಳಬೇಕು. ಹತ್ತಿರದ ಸ್ತ್ರೀರೋಗ ತಜ್ಞರ ಬಳಿ ಬರೀ ಮಾತಾಡಲೆಂದು ಹೋಗಿ. ಆ ದಿನ ಮೇಜು ಹತ್ತುವುದಿಲ್ಲ ಎಂದು ಮೊದಲೇ ಹೇಳಿಬಿಡಿ. ಯೋನಿಯೊಳಗೆ ಹಚ್ಚುವ ಈಸ್ಟ್ರಿಯೋಲ್ (ಈಸ್ಟ್ರೋಜೆನ್ನಿನದೇ ಒಂದು ಬಗೆ) ಕ್ರೀಮ್ ಬರೆದುಕೊಡುತ್ತಾರೆ. ಸಾಮಾನ್ಯವಾಗಿ ಮೊದಲ ಎರಡು ವಾರ ಪ್ರತಿ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಟ್ಯೂಬಿನ ಜೊತೆ ಅಳತೆಯ ಗೆರೆ ಇರುವ ಪಿಚಕಾರಿಯಂಥ ನಳಿಕೆ ಬರುತ್ತದೆ. ಅದನ್ನು ತೂರಿಸಲು ನೋವಾದರೆ ಬೆರಳ ತುದಿಗೆ ಹಚ್ಚಿಕೊಂಡು ದ್ವಾರಕ್ಕೂ ಸ್ವಲ್ಪ ಒಳಕ್ಕೂ ಸವರಿದರೆ ಸಾಕು. ಮೊದಲ ಕೆಲವು ದಿನ ಉರಿಯಬಹುದು, ಹೆದರಿ ಬಿಡಬೇಡಿ. ಆರರಿಂದ ಎಂಟು ವಾರ ಕಳೆದರೆ ವ್ಯತ್ಯಾಸ ನಿಮಗೇ ತಿಳಿಯುತ್ತದೆ. ಎಷ್ಟೋ ಜನರಿಗೆ ಮೂತ್ರದ ಉರಿಯೂ ಹೋಗಿರುತ್ತದೆ. ಪೊಟ್ಟಣದೊಳಗಿನ ಚೀಟಿಯಲ್ಲಿ ಹಾರ್ಮೋನಿನ ಬಗ್ಗೆ ಮೈ ನಡುಗಿಸುವ ಎಚ್ಚರಿಕೆಗಳಿರುತ್ತವೆ, ಔಷಧ ಅಂಗಡಿಯವರೂ ಒಂದು ಮಾತು ಸೇರಿಸುತ್ತಾರೆ. ಆ ಎಚ್ಚರಿಕೆಗಳು ಮುಖ್ಯವಾಗಿ ನುಂಗುವ ಹಾರ್ಮೋನಿಗೆ ಸಂಬಂಧಿಸಿದವು. ಹೀಗೆ ಹಚ್ಚುವ ಕ್ರೀಮಿನಿಂದ ರಕ್ತಕ್ಕೆ ಸೇರುವುದು ತೀರಾ ಅಲ್ಪ. ಆದರೆ ಸ್ತನ ಕ್ಯಾನ್ಸರ್ ಆಗಿದ್ದವರು ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳದೆ ಹಚ್ಚಕೂಡದು. ಅವರಿಗೆ ಹಾರ್ಮೋನ್ ಇಲ್ಲದ, ಪಸೆ ಹಿಡಿದಿಡುವ ಜೆಲ್‌ಗಳಿವೆ.

ಕೊಬ್ಬರಿ ಎಣ್ಣೆ ಹಚ್ಚಬಹುದೇ ಎಂದು ನೀವು ಕೇಳಿಲ್ಲ, ಆದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಆ ಪ್ರಶ್ನೆ ತಪ್ಪುವುದಿಲ್ಲ. ಹೊರಗಿನ ಒಣ ಚರ್ಮಕ್ಕೆ ಹಿತವಾದರೆ ಹಚ್ಚಿಕೊಳ್ಳಿ. ಪರೀಕ್ಷೆಗೆ ಹೋಗುವ ಮುನ್ನ ಬೇಡ. ಎಣ್ಣೆಯಂಶ ಮಾದರಿಯನ್ನು ಕೆಡಿಸುತ್ತದೆ. ಕ್ರೀಮನ್ನೂ ಎರಡು ದಿನ ಮೊದಲೇ ನಿಲ್ಲಿಸಿ.

ಈಗ ಪರೀಕ್ಷೆಯ ದಿನ. ನೀವು ಕಣ್ಣು ಮುಚ್ಚಿಕೊಂಡಿದ್ದರಿಂದ ಆ ಉಪಕರಣವನ್ನು ನೋಡಿರಲಿಕ್ಕಿಲ್ಲ. ಸ್ಪೆಕ್ಯುಲಮ್ ಎನ್ನುತ್ತಾರೆ. ಬಾತುಕೋಳಿಯ ಕೊಕ್ಕಿನ ಹಾಗೆ ಎರಡು ಚಪ್ಪಟೆ ಎಸಳು, ಕೆಳಗೊಂದು ಹಿಡಿ, ಪಕ್ಕದಲ್ಲಿ ತಿರುಪು. ಮುಚ್ಚಿದಂತೆ ಒಳಕ್ಕೆ ಹಾಕಿ, ಗರ್ಭಕಂಠ ಕಾಣುವಷ್ಟು ಮಾತ್ರ ತೆರೆಯಬೇಕು. ಬೇರೆ ಬೇರೆ ಅಳತೆಗಳಲ್ಲಿ ಬರುತ್ತದೆ. ಶಿಬಿರಗಳಿಗೆ ತರುವ ಪ್ಲಾಸ್ಟಿಕ್ಕಿನವು ಹೆಚ್ಚಾಗಿ ಒಂದೇ ಅಳತೆಯವು, ಮಧ್ಯಮ. ನಿಮಗೆ ಬೇಕಾದದ್ದು ಕಿರಿದಾದದ್ದು. ಸ್ಟೀಲಿನದಾದರೆ ಬೆಚ್ಚನೆಯ ನೀರಿನಲ್ಲಿ ಅದ್ದಿ ತಣುಪು ಕಳೆಯಬೇಕು. ನೀರಿನಂಶದ ಜೆಲ್ಲನ್ನು ಎಸಳಿನ ಹೊರಮೈಗೆ ತೆಳುವಾಗಿ ಸವರಬೇಕು. ಅಷ್ಟರಿಂದ ಮಾದರಿ ಕೆಡುವುದಿಲ್ಲ. ಇವಕ್ಕೆ ಹೆಚ್ಚುವರಿ ಖರ್ಚೂ ಇಲ್ಲ, ಹೆಚ್ಚೆಂದರೆ ಐದು ನಿಮಿಷ ಹಿಡಿಯುತ್ತದೆ. ಆ ಐದು ನಿಮಿಷ ತಮ್ಮ ಬಳಿ ಇಲ್ಲ ಎನ್ನುವವರ ಹತ್ತಿರ ನೀವು ಹೋಗುವುದು ಬೇಡ.

ಮಲಗುವ ಭಂಗಿಯನ್ನೂ ಬದಲಿಸಬಹುದು. ಕಾಲು ಮೇಲೆತ್ತಿ ಕಂಬಿಗೆ ಸಿಕ್ಕಿಸುವುದು ಮೊಣಕಾಲು ಸವೆದವರಿಗೆ ಶಿಕ್ಷೆ. ಎಡಮಗ್ಗುಲಿಗೆ ಮಲಗಿ ಮೊಣಕಾಲುಗಳನ್ನು ಎದೆಯ ಕಡೆಗೆ ಮಡಚಿಕೊಂಡರೂ ಪರೀಕ್ಷೆ ಮಾಡಲು ಬರುತ್ತದೆ. ಅಂಗಾತ ಮಲಗುವುದಾದರೆ ಸೊಂಟದ ಕೆಳಗೆ ಮಡಚಿದ ಟವೆಲ್ ಇಟ್ಟರೆ ಗರ್ಭಕಂಠ ಬೇಗ ಕಾಣುತ್ತದೆ, ಹುಡುಕಾಟ ತಪ್ಪುತ್ತದೆ. ಮೂತ್ರ ಮಾಡಿಯೇ ಮೇಜು ಹತ್ತಿ. ಉಪಕರಣವನ್ನು ನಾನೇ ಒಳಗೆ ಹಾಕಿಕೊಳ್ಳುತ್ತೇನೆ ಎಂದು ಕೇಳಲೂಬಹುದು. ಮೊದಲ ಸಲ ಒಬ್ಬರು ಹಾಗೆ ಕೇಳಿದಾಗ ನನ್ನ ನರ್ಸ್ ಕಣ್ಣರಳಿಸಿದ್ದರು. ಈಗ ಅವರೇ ಇತರರಿಗೆ ಹೇಳಿಕೊಡುತ್ತಾರೆ. ತನ್ನ ಕೈಯಲ್ಲಿದ್ದರೆ ಸ್ನಾಯು ಬಿಗಿಯುವುದು ಕಡಿಮೆ.

ಆ ಕೋಣೆಯಲ್ಲಿ ಬಾಯಿ ಬರುವುದಿಲ್ಲ ಎಂಬುದು ನನಗೆ ಗೊತ್ತು. ನಲವತ್ತು ಮಕ್ಕಳ ತರಗತಿಯನ್ನು ಕಣ್ಣಲ್ಲೇ ಹಿಡಿದಿಟ್ಟವರೂ ಅಲ್ಲಿ ಸೀರೆ ಮೇಲೆತ್ತಿದ ಕೂಡಲೇ ಮೂಕರಾಗುತ್ತಾರೆ. ಹಾಗಾಗಿ ಚೀಟಿ ಬರೆದುಕೊಂಡು ಹೋಗಿ: “ಹಿಂದಿನ ಸಲ ತುಂಬಾ ನೋವಾಗಿ ರಕ್ತ ಬಂದಿತ್ತು. ಚಿಕ್ಕ ಅಳತೆಯದು ಬಳಸಿ. ಏನು ಮಾಡುವ ಮುನ್ನವೂ ಹೇಳಿ ಮಾಡಿ. ನಾನು ಕೈ ಎತ್ತಿದರೆ ನಿಲ್ಲಿಸಿ.” ಡಾಕ್ಟರರ ಮೇಜಿನ ಮೇಲೆ ಇಟ್ಟುಬಿಡಿ, ಅವರು ಓದಲಿ. ಜೊತೆಗೆ ಒಬ್ಬರನ್ನು ಒಳಗೆ ಕರೆದುಕೊಳ್ಳಬಹುದು. ಕೆಲವರಿಗೆ ಹಳೆಯ ಬಲಾತ್ಕಾರದ ನೆನಪು, ಕೆಟ್ಟ ಹೆರಿಗೆಯ ನೆನಪು ಮೈಯಲ್ಲಿ ಉಳಿದು ಸ್ನಾಯುಗಳು ತಾವೇ ಬಿಗಿದುಕೊಳ್ಳುತ್ತವೆ. ಅಂಥವರು ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ, “ನನಗೆ ಇದು ಕಷ್ಟ” ಎಂದರೆ ಸಾಕು.

ಈ ಪರೀಕ್ಷೆಗೆ ಹೆಸರು ಬಂದದ್ದು ಗ್ರೀಸಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಡಾ. ಜಾರ್ಜ್ ಪಾಪನಿಕೊಲಾವ್ ಅವರಿಂದ. ಸಂಶೋಧನೆಗೆ ವರ್ಷಾನುಗಟ್ಟಲೆ ಮಾದರಿ ಕೊಟ್ಟವರು ಅವರ ಹೆಂಡತಿ. ಪರೀಕ್ಷೆಗೆ ಉಳಿದದ್ದು ಗಂಡನ ಹೆಸರು. ಇರಲಿ.

ನಿಮ್ಮ ಮಗಳು ಹೇಳಿದ್ದು ನಿಜ. ಆಸ್ಟ್ರೇಲಿಯಾದಲ್ಲಿ 2017ರ ಡಿಸೆಂಬರ್‌ನಿಂದ ಪ್ಯಾಪ್ ಬದಲು ಎಚ್‌ಪಿವಿ ಪರೀಕ್ಷೆಯನ್ನು ಐದು ವರ್ಷಕ್ಕೊಮ್ಮೆ ಮಾಡುತ್ತಾರೆ; 2022ರ ಜುಲೈನಿಂದ 25ರಿಂದ 74 ವರ್ಷದವರು ಯಾರು ಬೇಕಾದರೂ ಮಾದರಿಯನ್ನು ತಾವೇ ತೆಗೆದುಕೊಡಬಹುದು. ಹತ್ತಿ ಸುತ್ತಿದ ಉದ್ದನೆಯ ಕಡ್ಡಿಯಂಥದ್ದನ್ನು ಯೋನಿಯೊಳಗೆ ಕೆಲವು ಸೆಂಟಿಮೀಟರ್ ಸರಿಸಿ, ನಿಧಾನವಾಗಿ ಕೆಲವು ಸುತ್ತು ತಿರುಗಿಸಿ, ಹೊರತೆಗೆದು ನಳಿಗೆಗೆ ಹಾಕುವುದು. ಅಷ್ಟೇ. ಗರ್ಭಕಂಠವನ್ನು ಕೆರೆಯಬೇಕಿಲ್ಲ, ಸ್ಪೆಕ್ಯುಲಮ್ ಬೇಕಿಲ್ಲ, ಮೇಜು ಬೇಕಿಲ್ಲ. ಇಲ್ಲಿ ಹುಡುಕುವುದು ವೈರಸ್ಸನ್ನೇ ಆದ್ದರಿಂದ, ವೈರಸ್ಸಿನ ಡಿಎನ್‌ಎ ಹುಡುಕುವ ಪಿಸಿಆರ್ ವಿಧಾನದಲ್ಲಿ ಪರೀಕ್ಷಿಸಿದರೆ ನೀವು ತೆಗೆದ ಮಾದರಿಗೂ ನಾನು ತೆಗೆದ ಮಾದರಿಗೂ ಹೆಚ್ಚಿನ ವ್ಯತ್ಯಾಸವಿರುವುದಿಲ್ಲ. ನಮ್ಮಲ್ಲೂ ದೊಡ್ಡ ಊರುಗಳ ಕೆಲವು ಖಾಸಗಿ ಪ್ರಯೋಗಾಲಯಗಳು ಈ ಕಿಟ್ ಕೊಡುತ್ತಿವೆ. ಶಿಬಿರದಂತೆ ಉಚಿತವಲ್ಲ. ನನ್ನನ್ನು ಕೇಳಿದರೆ, ಸರ್ಕಾರ ನಿಮ್ಮ ವಯಸ್ಸಿನವರಿಗಾದರೂ ಇದನ್ನು ಆಶಾ ಕಾರ್ಯಕರ್ತೆಯರ ಕೈಗೆ ಕೊಡಬೇಕು. ಈಗ ಆರೋಗ್ಯ ಕೇಂದ್ರಗಳಲ್ಲಿ ಹೆಚ್ಚಾಗಿ ಮಾಡುವುದು ಗರ್ಭಕಂಠಕ್ಕೆ ವಿನೆಗರಿನಂಥ ಅಸಿಟಿಕ್ ಆಮ್ಲ ಹಚ್ಚಿ, ಬೆಳ್ಳಗಾಗುತ್ತದೆಯೇ ಎಂದು ಬರಿಗಣ್ಣಿನಿಂದ ನೋಡುವ ಪರೀಕ್ಷೆ. ಹರೆಯದವರಿಗೆ ಅದು ಅಗ್ಗದ, ಉಪಯುಕ್ತ ದಾರಿ. ಮುಟ್ಟು ನಿಂತವರಲ್ಲಿ ನೋಡಬೇಕಾದ ವಲಯವೇ ಒಳಗೆ ಸರಿದಿರುವುದರಿಂದ ಅದು ನೆಚ್ಚುವಂಥದ್ದಲ್ಲ. 60 ದಾಟಿದವರಿಗೆ ಅದನ್ನು ಮಾಡಿ “ಎಲ್ಲ ಸರಿ ಇದೆ” ಎಂದು ಕಳಿಸುವುದು ಸುಳ್ಳು ಧೈರ್ಯ.

ನಿಮ್ಮ ಜಾಗದಲ್ಲಿ ನನ್ನ ಅಕ್ಕ ಇದ್ದಿದ್ದರೆ ಹೀಗೆ ಮಾಡಿಸುತ್ತಿದ್ದೆ: ಕ್ರೀಮನ್ನು ಇಂದೇ ಶುರು ಮಾಡಿಸಿ, ಒಂದೆರಡು ತಿಂಗಳಾದ ಮೇಲೆ ಸ್ವಂತ ಕೈಯಿಂದ ತೆಗೆದ ಮಾದರಿಯ ಎಚ್‌ಪಿವಿ ಪರೀಕ್ಷೆ. ವೈರಸ್ ಇಲ್ಲ ಎಂದು ಬಂದರೆ ಕನಿಷ್ಠ ಐದು ವರ್ಷ ನೆಮ್ಮದಿ. ಇದೆ ಎಂದು ಬಂದರೆ ಮಾತ್ರ ಸ್ಪೆಕ್ಯುಲಮ್ ಹಾಕಿ ನೋಡಲೇಬೇಕಾಗುತ್ತದೆ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಅದರಲ್ಲೂ ಹೆಚ್ಚಿನ ಕ್ಯಾನ್ಸರಿಗೆ ಕಾರಣವಾಗುವ 16 ಅಥವಾ 18ನೆಯ ಬಗೆ ಎಂದಾದರೆ, ಗರ್ಭಕಂಠವನ್ನು ದೊಡ್ಡದಾಗಿಸಿ ನೋಡುವ ಕಾಲ್ಪೋಸ್ಕೋಪಿಗೆ ಹೋಗಬೇಕು. ಅಷ್ಟರಲ್ಲಿ ಕ್ರೀಮ್ ತನ್ನ ಕೆಲಸ ಮಾಡಿರುತ್ತದೆ. ಆಗಲೂ ತಡೆಯಲಾಗದಿದ್ದರೆ ಸ್ವಲ್ಪ ಹೊತ್ತಿನ ಅರಿವಳಿಕೆ ಕೊಟ್ಟು ಮಾಡುವುದಕ್ಕೆ ಅವಕಾಶವಿದೆ. ವೈರಸ್ ಇದೆ ಎಂದರೆ ಕ್ಯಾನ್ಸರ್ ಇದೆ ಎಂದಲ್ಲ ಎಂಬುದನ್ನು ಮಗಳಿಗೂ ಹೇಳಿಡಿ, ಇಲ್ಲದಿದ್ದರೆ ಮರುದಿನವೇ ವಿಮಾನ ಹತ್ತುತ್ತಾಳೆ.

ಪರೀಕ್ಷೆಯ ನಂತರದ ಎರಡು ದಿನದ ಕಲೆ ಗೀರಿನಿಂದ ಬಂದದ್ದಿರಬೇಕು. ಆದರೆ ಅದನ್ನು ಬಿಟ್ಟು, ಮುಟ್ಟು ನಿಂತ ಮೇಲೆ ಯಾವಾಗಲಾದರೂ ಒಂದು ಹನಿ ರಕ್ತ ಕಂಡಿದ್ದರೆ, ನೀರಿನಂಥ ಅಥವಾ ನಾತದ ಸ್ರಾವವಿದ್ದರೆ, ಕ್ರೀಮ್ ಹಚ್ಚುವುದಕ್ಕೂ ಮೊದಲೇ ಡಾಕ್ಟರರಿಗೆ ಹೇಳಿ. ಅದಕ್ಕೆ ತಪಾಸಣೆಯ ದಾರಿಯೇ ಬೇರೆ, ಸ್ಕ್ಯಾನ್‌ನಿಂದ ಶುರುವಾಗುತ್ತದೆ, ಎಂಟು ವಾರ ಕಾಯುವಂತಿಲ್ಲ.

ಪ್ರಶ್ನೆ: ನಮ್ಮ ಅತ್ತೆಗೆ 66. ಇಪ್ಪತ್ತು ವರ್ಷದ ಹಿಂದೆ ಗರ್ಭಕೋಶ ತೆಗೆಸಿದ್ದಾರೆ. ಅವರಿಗೂ ಈ ಪರೀಕ್ಷೆ ಮಾಡಿಸಬೇಕೇ? (ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಗರ್ಭಕೋಶದ ಜೊತೆ ಗರ್ಭಕಂಠವನ್ನೂ ತೆಗೆದಿದ್ದು, ಕಾರಣ ಗಡ್ಡೆ ಅಥವಾ ಹೆಚ್ಚು ರಕ್ತಸ್ರಾವವಾಗಿದ್ದರೆ ಬೇಡ. ಕಂಠವನ್ನು ಉಳಿಸಿದ್ದರೆ, ಅಥವಾ ಕಂಠದ ಕೋಶಗಳು ಕೆಟ್ಟಿದ್ದಕ್ಕಾಗಿಯೇ ಆಪರೇಷನ್ ಆಗಿದ್ದರೆ ಬೇಕು. ನಿಮ್ಮ ಅತ್ತೆಗೆ ಯಾವುದು ಎಂದು ಅವರಿಗೇ ತಿಳಿದಿರುವುದಿಲ್ಲ. “ಗರ್ಭಚೀಲ ತೆಗೆದರು” ಎಂಬಷ್ಟೇ ಹೇಳಿ ನಮ್ಮವರು ಕಳಿಸಿರುತ್ತಾರೆ. ಬೀರುವಿನಲ್ಲಿ ಪಡಿತರ ಚೀಟಿ, ಜಮೀನಿನ ಪತ್ರಗಳ ನಡುವೆ ಡಿಸ್ಚಾರ್ಜ್ ಚೀಟಿ ಇದೆಯೇ ಹುಡುಕಿ. ಸಿಗದಿದ್ದರೆ ಒಂದು ಸ್ಕ್ಯಾನ್‌ನಲ್ಲಿ, ಇಲ್ಲವೇ ಒಮ್ಮೆ ನೋಡಿದರೆ ಗೊತ್ತಾಗುತ್ತದೆ.

ಪ್ರಶ್ನೆ: 57 ವರ್ಷ, ಮದುವೆಯಾಗಿಲ್ಲ. ಕಚೇರಿಯ ವಾರ್ಷಿಕ ತಪಾಸಣೆಯಲ್ಲಿ ಪ್ಯಾಪ್ ಸ್ಮಿಯರ್ ಕಡ್ಡಾಯ ಎನ್ನುತ್ತಿದ್ದಾರೆ. ಯೋಚಿಸಿದರೇ ಮೈ ನಡುಗುತ್ತದೆ. (ಬೆಂಗಳೂರು)

ಉತ್ತರ: ಕಡ್ಡಾಯ ಎಂಬುದು ಇಂಥ ಪರೀಕ್ಷೆಗೆ ಇಲ್ಲ; “ಬೇಡ” ಎಂದು ಬರೆದು ಸಹಿ ಹಾಕಬಹುದು. ವೈರಸ್ ಹರಡುವುದು ದೈಹಿಕ ಸಂಪರ್ಕದಿಂದ. ಅದು ಎಂದೂ ಆಗಿಲ್ಲವಾದರೆ ನಿಮ್ಮ ಅಪಾಯ ತೀರಾ ಕಡಿಮೆ, ಮಾಡಿಸದೇ ಇರುವುದು ಸರಿಯಾದ ತೀರ್ಮಾನವೇ. ಆಗಿದ್ದರೆ, ಅದು ಎಷ್ಟೇ ಹಿಂದಿನದಾದರೂ, ಮೇಲೆ ಹೇಳಿದ ಸ್ವಂತ ಮಾದರಿಯ ಪರೀಕ್ಷೆ ಮಾಡಿಸಿ. ಮದುವೆ ಆಗಿದೆಯೇ ಎಂದು ಮಾತ್ರ ಕೇಳಿ ಅರ್ಜಿಯಲ್ಲಿ ಗೀಟು ಹಾಕುವ ಪದ್ಧತಿ ನಮ್ಮಲ್ಲಿದೆ. ಅದರಿಂದ ಡಾಕ್ಟರರಿಗೆ ಏನೂ ತಿಳಿಯುವುದಿಲ್ಲ. ನಿಜವಾದ ಉತ್ತರ ನಿಮಗೊಬ್ಬರಿಗೇ ಗೊತ್ತು. ಅದನ್ನು ಡಾಕ್ಟರರೊಬ್ಬರ ಎದುರು ಹೇಳಿದರೆ ಸಾಕು. ಜೊತೆಗೆ ಬಂದ ಅತ್ತಿಗೆಯನ್ನೋ ಸಹೋದ್ಯೋಗಿಯನ್ನೋ ಐದು ನಿಮಿಷ ಹೊರಗೆ ಕೂರಿಸಿ ಎಂದು ನರ್ಸ್‌ಗೆ ಮೊದಲೇ ಹೇಳಿಡಿ. ಅವರು ಅದನ್ನು ದಿನವೂ ಮಾಡುತ್ತಿರುತ್ತಾರೆ.